ಕೊಡದೆ ಹೋದ ಭಕ್ಷೀಸು

ಸೋಮವಾರಪೇಟೆ
೧೬ ಆಗಸ್ಟ್ ೧೯೫೪

ಶ್ರೀ ದೇವರಾಜು ಅವರಿಗೆ,

ನಾನು ಯಾರೆಂದು ನಿಮಗೆ ಗೊತ್ತಿರಲಾರದು. ಜೂನ್ ತಿಂಗಳಲ್ಲಿ ಲಂಡನ್ನಿನಿಂದ ಬೊಂಬಾಯಿಗೆ ಬರುವಾಗ ನಿಮ್ಮ ಹಡಗಿನಲ್ಲಿ ತೀರಿಕೊಂಡ ಏಲಕ್ಕಿ ವ್ಯಾಪಾರಿ ಪರಮೇಶಪ್ಪನವರ ಮಗಳು ನಾನು, ಸುಮಿತ್ರ. ಗಂಡ ಹೋದ ಮೇಲೆ ತವರಿನಲ್ಲೇ ಇದ್ದೇನೆ. ಕಂಪನಿಯವರು ಇಂಗ್ಲಿಷಿನಲ್ಲಿ ಬರೆದ ಕಾಗದವನ್ನು ಇಲ್ಲಿನ ಹೈಸ್ಕೂಲಿನ ದೇರಪ್ಪ ಮಾಸ್ತರು ಓದಿ ಹೇಳಿದರು. ಕೆಂಪು ಸಮುದ್ರದ ಸೆಕೆಯಲ್ಲಿ ಅಪ್ಪಯ್ಯನ ಎದೆ ಸೋತಿತು, ಹಡಗಿನ ಪದ್ಧತಿಯಂತೆ ದೇಹವನ್ನು ಸಮುದ್ರಕ್ಕೆ ಬಿಡಲಾಯಿತು ಎಂದಿತ್ತು. ಕೊನೆಯಲ್ಲಿ ಇನ್ನೊಂದು ಸಾಲು: ಅವರ ಕ್ಯಾಬಿನ್ನು ನೋಡಿಕೊಳ್ಳುತ್ತಿದ್ದ ಸ್ಟೀವರ್ಡ್ ದೇವರಾಜು ಎಂಬಾತನೂ ಕೊಡಗಿನವನೇ, ಕಡೆಯವರೆಗೂ ಜೊತೆಗಿದ್ದ. ಆ ಒಂದು ಸಾಲನ್ನು ನಂಬಿ ಇದನ್ನು ಕಂಪನಿಯ ವಿಳಾಸಕ್ಕೆ ಹಾಕುತ್ತಿದ್ದೇನೆ.

ಅಪ್ಪಯ್ಯ ಹೋಗಿದ್ದು ಗಂಟಲ ಹುಣ್ಣಿನ ಆಪರೇಷನ್ನಿಗೆ. ಹಿಂದೆ ಇಲ್ಲಿ ತೋಟ ಮಾಡಿಕೊಂಡಿದ್ದ ದೊರೆಯೊಬ್ಬರು ಅಲ್ಲಿ ಆಸ್ಪತ್ರೆ ಗೊತ್ತು ಮಾಡಿದ್ದರು. ಹುಣ್ಣು ಹೋಯಿತು, ಅದರ ಜೊತೆ ದನಿಯೂ ಹೋಯಿತು ಎಂದು ಅಪ್ಪಯ್ಯನೇ ಬರೆದಿದ್ದರು. ಬದುಕಿ ಬರುತ್ತಾರಲ್ಲ, ಅಷ್ಟು ಸಾಕು ಎಂದುಕೊಂಡಿದ್ದೆವು.

ನಮ್ಮಲ್ಲಿ ಸುಡುವುದಿಲ್ಲ. ಸತ್ತವರನ್ನು ಕೂರಿಸಿ, ಎಡಗೈಯಲ್ಲಿ ಅವರ ಲಿಂಗವಿಟ್ಟು, ವಿಭೂತಿ ಹಾಕಿ ಮಣ್ಣು ಕೊಡುತ್ತೇವೆ. ಮನೆಗೆ ಬಂದ ಪೆಟ್ಟಿಗೆಯಲ್ಲಿ ಬಟ್ಟೆ, ಕನ್ನಡಕ, ಔಷಧಿಯ ಸೀಸೆ ಎಲ್ಲವೂ ಇದ್ದವು. ಕೊರಳಲ್ಲಿ ಹಾಕಿಕೊಳ್ಳುತ್ತಿದ್ದ ಬೆಳ್ಳಿ ಕರಡಿಗೆ, ಅದರೊಳಗಿನ ಲಿಂಗ ಇರಲಿಲ್ಲ. ನನ್ನಣ್ಣ ಮರುಳಸಿದ್ದಪ್ಪನಿಗೆ ಬೆಳ್ಳಿಯ ಮೇಲೆ ಅನುಮಾನ. ನನಗೆ ಬೆಳ್ಳಿಯ ಚಿಂತೆಯಿಲ್ಲ. ಲಿಂಗ ಅವರ ಮೈಮೇಲೆ ಇತ್ತೆ? ಅದನ್ನು ಹೇಳಿ.

ಇನ್ನೊಂದು ವಿಷಯವಿದೆ. ಮಧ್ಯಾಹ್ನ ಅಪ್ಪಯ್ಯ ಏಲಕ್ಕಿ ಮಂಡಿ ಮುಚ್ಚಿ ಊಟಕ್ಕೆ ಬರುತ್ತಿದ್ದ ಹೊತ್ತಿಗೆ ಅವ್ವನಿಗೆ ಜಗಲಿಯಲ್ಲಿ ಅವರ ದನಿ ಕೇಳಿಸುತ್ತದೆ. ಅವರು ಅವ್ವನನ್ನು ಯಾವತ್ತೂ ಹೆಸರು ಹಿಡಿದು ಕರೆದವರಲ್ಲ. ಮೆಟ್ಟು ಬಿಡುತ್ತ "ಎಲ್ಲಿದ್ದೀಯೇ?" ಅನ್ನುತ್ತಿದ್ದರು. ಈಗಲೂ ಅದೇ ಮಾತು. ಅವ್ವ ಎದ್ದು ಹೋಗಿ ನೋಡುತ್ತಾಳೆ, ಯಾರೂ ಇರುವುದಿಲ್ಲ. "ಮಣ್ಣು ಸಿಗದೆ ಬಂದವ್ರೆ ಕಣೆ" ಅನ್ನುತ್ತಾಳೆ. ಗಂಟಲು ಕಳೆದುಕೊಂಡು ಸತ್ತವರಿಗೆ ದನಿ ಎಲ್ಲಿಂದ ಬರುತ್ತೆ ಎಂದು ಅಣ್ಣ ಸಿಡುಕುತ್ತಾನೆ.

ಮಣ್ಣು ಸಿಗಲಿಲ್ಲವೆಂದು ಬಲ್ಲೆ. ಅದರ ಬದಲು ಏನು ಸಿಕ್ಕಿತು ಎಂಬುದು ನಿಮ್ಮೊಬ್ಬರಿಗೇ ಗೊತ್ತು.

ಇಂತಿ,
ಸುಮಿತ್ರಮ್ಮ


ಬೊಂಬಾಯಿ
೭ ಅಕ್ಟೋಬರ್ ೧೯೫೪

ಸುಮಿತ್ರಮ್ಮನವರಿಗೆ ದೇವರಾಜುವಿನ ನಮಸ್ಕಾರಗಳು.

ಹಡಗು ನಿನ್ನೆ ದಡಕ್ಕೆ ಬಂತು. ನಿಮ್ಮ ಕಾಗದ ಆಫೀಸಿನಲ್ಲಿ ಕಾದಿತ್ತು. ನಾನು ಕುಶಾಲನಗರದ ಪಕ್ಕದ ಕೂಡಿಗೆಯವನು. ನಮ್ಮ ತಾತ ಹಾಸನದ ಕಡೆಯಿಂದ ಬಂದು ಹೊಳೆದಂಡೆಯಲ್ಲಿ ಬೇಸಾಯಕ್ಕೆ ನಿಂತವರು. ಅಪ್ಪ ತಿಮ್ಮಯ್ಯ ಈಗಲೂ ಅಲ್ಲೇ ಗದ್ದೆ ಮಾಡಿಕೊಂಡಿದ್ದಾರೆ. ಯುದ್ಧದ ಕಾಲದಲ್ಲಿ ಮಿಲಿಟರಿ ಮೆಸ್ಸಿನಲ್ಲಿ ತಟ್ಟೆ ಎತ್ತುತ್ತಿದ್ದೆ, ಆಮೇಲೆ ಹಡಗು ಸಿಕ್ಕಿತು.

ಮೊದಲು ನೀವು ಕೇಳಿದ್ದಕ್ಕೆ ಉತ್ತರ. ಲಿಂಗ ಯಜಮಾನರ ಜೊತೆಯಲ್ಲೇ ಹೋಯಿತು.

ಹತ್ತಿದ ದಿನ ಅವರು ಏನು ಬೇಕಾದರೂ ಚೀಟಿಯಲ್ಲಿ ಇಂಗ್ಲಿಷಿನ ಒಂದೊಂದು ಪದ ಬರೆದು ತೋರಿಸುತ್ತಿದ್ದರು. ಹಾಸಿಗೆ ಸರಿಮಾಡುವಾಗ ನನ್ನ ಮೊಣಕಾಲಿಗೆ ಮಂಚ ತಗುಲಿ "ಅಯ್ಯೋ ಶಿವನೇ" ಅಂದುಬಿಟ್ಟೆ. ಅವರು ನನ್ನ ತೋಳು ಹಿಡಿದುಕೊಂಡರು. ತುಟಿ ಅಲ್ಲಾಡಿಸಿದರು, ಬರೀ ಉಸಿರು ಬಂತು. ನಾನು ತುಟಿಯನ್ನೇ ನೋಡಿ, "ಯಾವೂರು ಅಂತಿದೀರಾ?" ಅಂದೆ. ಹೌದೆಂದು ತಲೆ ಆಡಿಸಿದರು. ಅಲ್ಲಿಗೆ ಚೀಟಿ ಬರೆಯುವುದು ನಿಂತಿತು. ಅವರು ತುಟಿಯಲ್ಲಿ ಹೇಳುವುದು, ನಾನು ಬಾಯಿಬಿಟ್ಟು ಹೇಳಿ ಸರಿಯೇ ಎಂದು ಕೇಳುವುದು. ಹೀಗೆ ಮಂಡಿಯ ವಿಚಾರ, ನಿಮ್ಮ ವಿಚಾರ, ಅಮ್ಮನವರು ಮಾಡುವ ಅಕ್ಕಿರೊಟ್ಟಿಯ ವಿಚಾರ ಎಲ್ಲ ನನ್ನ ದನಿಯಲ್ಲೇ ಬಂದವು. ನನ್ನ ಬಾಯಲ್ಲಿ ಅವರು ಮಾತಾಡುತ್ತಿದ್ದರು ಎಂದರೂ ಸರಿ.

ಯಜಮಾನರು ತೀರಿಕೊಂಡದ್ದು ಮಧ್ಯಾಹ್ನದ ಚಹಾ ಹೊತ್ತಿನಲ್ಲಿ. ಅವರ ಕ್ಯಾಬಿನ್ನಿನ ಗಂಟೆ ಬಾರಿಸಿತು, ಹೋದೆ. ಬಾಗಿಲು ತೆರೆದಿಡು, ಗಾಳಿ ಬರಲಿ ಅಂದರು. ತೆರೆದು ಬಂದು ತಲೆ ಎತ್ತಿ ನನ್ನ ತೋಳಿನ ಮೇಲೆ ಇಟ್ಟುಕೊಂಡೆ. ನೀರು ಗುಟುಕರಿಸಿದರು. ಕಷ್ಟಪಡಲಿಲ್ಲ. ಇದು ಸಮಾಧಾನಕ್ಕೆ ಬರೆದ ಮಾತಲ್ಲ.

ನಮ್ಮೂರಿನ ಹತ್ತಿರ ನಿಮ್ಮವರು ಮಣ್ಣು ಮಾಡುವುದನ್ನು ನೋಡಿದ್ದೆ. ಅದಕ್ಕೇ ಅಧಿಕಾರಿಯ ಹತ್ತಿರ ಹೋಗಿ ಕೂರಿಸಿ ಕಳಿಸಬೇಕು ಎಂದು ಕೇಳಿದೆ. ಒಪ್ಪಲಿಲ್ಲ. ಎಲ್ಲರಂತೆ ಮಲಗಿಸಿಯೇ ಕ್ಯಾನ್ವಾಸಿನಲ್ಲಿ ಹೊಲಿದರು. ಇದನ್ನು ನಿಮ್ಮಿಂದ ಮುಚ್ಚಿಡಲಾರೆ. ಹೊಲಿಯುವ ಮೊದಲು ನಾನೇ ಮೈ ತೊಳೆದು, ಅವರ ಚೀಲದಲ್ಲಿದ್ದ ವಿಭೂತಿ ಹಚ್ಚಿದೆ. ಕರಡಿಗೆ ಬಿಚ್ಚಿ ಲಿಂಗವನ್ನು ಎಡಗೈಯಲ್ಲಿಟ್ಟು, ಬೆರಳು ಮಡಿಸಿ, ಅದೇ ದಾರದಲ್ಲಿ ಕಟ್ಟಿದೆ. ಬರಿದಾದ ಕರಡಿಗೆಯನ್ನು ಎದೆಯ ಮೇಲಿಟ್ಟೆ. ಆದರೆ ಹಡಗಿನಲ್ಲಿ ಮಣ್ಣೆಲ್ಲಿ? ಆಗ ಮೊದಲನೇ ದರ್ಜೆಯವರು ಕೂರುವ ಹಜಾರದಲ್ಲಿ ಅಲಂಕಾರಕ್ಕೆ ಗಿಡದ ಕುಂಡಗಳನ್ನು ಇಟ್ಟಿದ್ದು ನೆನಪಾಯಿತು. ಒಂದರಿಂದ ಬೊಗಸೆ ತುಂಬ ತೆಗೆದು ಏಪ್ರನ್ನಿನಲ್ಲಿ ಕಟ್ಟಿಕೊಂಡು ತಂದೆ. ಅವುಗಳಿಗೆ ಬೊಂಬಾಯಿಯಲ್ಲಿ ಮಣ್ಣು ತುಂಬಿಸುತ್ತಾರೆ, ಹಾಗಾಗಿ ಅದು ಈ ಕಡೆಯ ಮಣ್ಣೇ. ಬೆನ್ನ ಕೆಳಗೆ ಸ್ವಲ್ಪ, ಎದೆಯ ಮೇಲೆ ಸ್ವಲ್ಪ ಹಾಕಿದೆ. ಮಣ್ಣು ಸಿಗಲಿಲ್ಲ ಎಂದು ಅಮ್ಮನವರು ಕೊರಗದಿರಲಿ.

ನಾನು ಲಿಂಗ ಕಟ್ಟಿದವನಲ್ಲ. ಮುಟ್ಟಬಾರದ್ದನ್ನು ಮುಟ್ಟಿದ್ದೇನೆ. ಅಲ್ಲಿ ಬೇರೆ ಯಾರೂ ಇರಲಿಲ್ಲ.

ನಿಮ್ಮ ವಿಶ್ವಾಸಿ,
ದೇವರಾಜು


ಸೋಮವಾರಪೇಟೆ
೨ ನವೆಂಬರ್ ೧೯೫೪

ಸ್ಟೀವರ್ಡ್ ದೇವರಾಜು ಅವರಿಗೆ,

ನಮ್ಮ ತಂಗಿಗೆ ನೀವು ಬರೆದ ಪತ್ರವನ್ನು ನೋಡಿದೆ. ಪ್ರಯಾಣ ಮುಗಿದಾಗ ಪ್ರಯಾಣಿಕರು ಕೆಲಸದವರಿಗೆ ಭಕ್ಷೀಸು ಕೊಡುವುದು ಹಡಗಿನ ಪದ್ಧತಿಯೆಂದು ತಿಳಿದವರು ಹೇಳಿದರು. ತಂದೆಯವರು ಪ್ರಯಾಣ ಮುಗಿಸಲಿಲ್ಲವಾದ್ದರಿಂದ ಅವರ ಪರವಾಗಿ ಮನಿಯಾರ್ಡರು ಮಾಡಿದ್ದೇನೆ. ಪದ್ಧತಿಗಿಂತ ಕಡಿಮೆ ಇರಲಾರದು.

ನಿಮ್ಮ ಉಪಕಾರವನ್ನು ಅಲ್ಲಗಳೆಯುತ್ತಿಲ್ಲ. ಆದರೆ ನಿಮ್ಮ ಪತ್ರ ಕೇಳಿದ ಮೇಲೆ ನಮ್ಮ ತಾಯಿ ಇನ್ನೂ ಹೆಚ್ಚು ಹೊತ್ತು ಜಗಲಿಯಲ್ಲಿ ಕೂರುತ್ತಿದ್ದಾರೆ. ಆದುದರಿಂದ ಇನ್ನು ಮುಂದೆ ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ. ಹಣ ತಲುಪಿದ ಸಹಿಯೇ ಸಾಕು.

ಇಂತು,
ಪ. ಮರುಳಸಿದ್ದಪ್ಪ


ಬೊಂಬಾಯಿ
೨೦ ಜನವರಿ ೧೯೫೫

ಸುಮಿತ್ರಮ್ಮನವರಿಗೆ,

ಬರೆಯಬೇಡವೆಂದು ಅಣ್ಣಾವ್ರು ಹೇಳಿದ್ದಾರೆ. ಇದೊಂದಕ್ಕೆ ಕ್ಷಮಿಸಬೇಕು. ಮನಿಯಾರ್ಡರನ್ನು ಇಸಿದುಕೊಳ್ಳದೆ ಹಿಂದಕ್ಕೆ ಕಳಿಸಿದ್ದೇನೆ. ಸೊಕ್ಕೆಂದು ತಿಳಿಯಬಾರದು.

ನಾನು ಭಕ್ಷೀಸು ಬೇಡವೆನ್ನುವವನಲ್ಲ. ಸಂಬಳಕ್ಕಿಂತ ಅದರಲ್ಲೇ ನಮ್ಮ ಬದುಕು. ಬೊಂಬಾಯಿ ಕಾಣಿಸುವ ಹಿಂದಿನ ದಿನ ನಮ್ಮ ಡೆಕ್ಕಿನ ಉದ್ದಕ್ಕೂ ಬಾಗಿಲುಗಳು ತೆರೆದುಕೊಳ್ಳುತ್ತವೆ. ಕೆಲವರು ಲಕೋಟೆಯಲ್ಲಿ ಹಾಕಿ ದಿಂಬಿನ ಕೆಳಗೆ ಬಿಡುತ್ತಾರೆ. ಕೆಲವರು ಕೈ ಕುಲುಕುವಂತೆ ಮಾಡಿ ಅಂಗೈಗೆ ಒತ್ತುತ್ತಾರೆ, ಮುಖ ಮಾತ್ರ ಬೇರೆ ಕಡೆಗಿರುತ್ತದೆ. ಊರು ಬರುವವರೆಗೂ ಕಣ್ಣಿಗೆ ಬೀಳದೆ ಸ್ನಾನದ ಮನೆಯಲ್ಲಿ ಅಡಗಿ ಕೂರುವವರೂ ಇದ್ದಾರೆ. ಒಬ್ಬ ಮುದುಕಿ ಮೇಡಮ್ಮು ಕೊಡಲು ಕಾಸಿಲ್ಲವೆಂದು ನನ್ನ ಅಂಗಿಯ ಕಿತ್ತ ಗುಂಡಿ ಹೊಲಿದು ಕೊಟ್ಟು ಇಳಿದುಹೋದಳು. ಎಲ್ಲವನ್ನೂ ಇಸಿದುಕೊಂಡು ಸಲಾಮು ಹೊಡೆದಿದ್ದೇನೆ.

ಯಜಮಾನರೂ ಅದನ್ನು ವಿಚಾರಿಸಿದ್ದರು. ಊಟ ಬಡಿಸುವವನಿಗೆ ಎಷ್ಟು, ಸ್ನಾನಕ್ಕೆ ನೀರು ಬಿಡುವವನಿಗೆ ಎಷ್ಟು, ಡೆಕ್ಕಿನ ಮೇಲೆ ಕುರ್ಚಿ ಹಾಕುವವನಿಗೆ ಎಷ್ಟು ಎಂದೆಲ್ಲ ಕೇಳಿ ತಿಳಿದುಕೊಂಡರು. ನನ್ನದನ್ನು ಮಾತ್ರ ಕೇಳಲಿಲ್ಲ. ನಾನೇ ತಮಾಷೆಗೆ "ನನ್ನ ಮರೆತುಬಿಟ್ರಲ್ಲ ಯಜಮಾನ್ರೆ?" ಅಂದೆ. ಅವರು ನಗಲಿಲ್ಲ. ತುಟಿಯಲ್ಲಿ ನಿಧಾನವಾಗಿ ಹೇಳಿದರು: "ನಿನಗೆ ಕಾಸು ಕೊಟ್ಟು ಕೈ ತೊಳ್ಕೊಳೋಕೆ ಆಗಲ್ಲ ಕಣೋ. ಮನೆಗೆ ಬಾ. ನನ್ನ ಪಕ್ಕದಲ್ಲೇ ನಿನಗೂ ಎಲೆ ಹಾಕಿಸ್ತೀನಿ." ನಿಮ್ಮ ಮನೆತನದ ಕಟ್ಟುಪಾಡು ನನಗೆ ಗೊತ್ತಿತ್ತು. ಕಾಯಿಲೆಯವರ ಮಾತು, ಇರಲಿ ಎಂದು "ಆಗಲಿ" ಅಂದೆ. ಅದಾಗಿ ಎರಡು ದಿನಕ್ಕೆ ಹೋದರು.

ಇದನ್ನು ಹೋದ ಕಾಗದದಲ್ಲೇ ಬರೆಯದೆ ಇದ್ದದ್ದು, ಊಟ ಕೇಳಿದಂತಾಗುತ್ತದೆ ಎಂದು. ಈಗ ಬರೆಯುವುದಕ್ಕೆ ಕಾರಣವಿದೆ. ಕ್ಯಾಬಿನ್ನಿನ ಗೋಡೆಯಲ್ಲಿ ಒಂದು ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ನಾವು ಕೂರುವ ಕೋಣೆಯಲ್ಲಿ ಗಂಟೆ ಬಾರಿಸಿ ಹಲಗೆಯ ಮೇಲೆ ಆ ಕ್ಯಾಬಿನ್ನಿನ ನಂಬರು ಬೀಳುತ್ತದೆ. ಹೋದ ಪ್ರಯಾಣದಲ್ಲಿ ಯಜಮಾನರ ಕ್ಯಾಬಿನ್ನು ಖಾಲಿ ಇತ್ತು, ಬೀಗ ಹಾಕಿತ್ತು. ಮಧ್ಯಾಹ್ನದ ಚಹಾ ಹೊತ್ತಿಗೆ ಅದರ ನಂಬರು ಬಿತ್ತು. ಮಾರನೆಯ ದಿನವೂ ಬಿತ್ತು. ಮಿಸ್ತ್ರಿ ಬಂದು ತಂತಿ ಬಿಚ್ಚಿಟ್ಟು ಹೋದ. ಆಮೇಲೆ ನಂಬರು ಬೀಳುವುದು ನಿಂತಿತು. ಗಂಟೆ ಮಾತ್ರ ನನಗೆ ಕೇಳುತ್ತಲೇ ಇದೆ.

ನಿಮ್ಮನ್ನು ಹೆದರಿಸಲು ಬರೆದದ್ದಲ್ಲ. ಅಮ್ಮನವರಿಗೆ ಕೇಳಿಸುವುದು ಸುಳ್ಳೆಂದು ಯಾರಾದರೂ ಅಂದರೆ, ಹಾಗೆ ಅನ್ನಬೇಡಿ ಎಂದು ಹೇಳುವುದಕ್ಕೆ.

ನಿಮ್ಮವನು,
ದೇವರಾಜು


ಸೋಮವಾರಪೇಟೆ
೨೧ ಫೆಬ್ರವರಿ ೧೯೫೫

ದೇವರಾಜು ಅವರಿಗೆ,

ನಿಮ್ಮ ಕಾಗದವನ್ನು ಊಟದ ಮನೆಯಲ್ಲಿ ಎಲ್ಲರಿಗೂ ಕೇಳುವಂತೆ ಓದಿದೆ. ಅಣ್ಣ ಅರ್ಧಕ್ಕೇ ಎದ್ದ.

"ಲಿಂಗ ಇಲ್ಲದೋನ್ನ ತಂದು ಪಂಕ್ತೀಲಿ ಕೂರ್ಸೋದಾ? ಹಡಗಲ್ಲಿ ಏನೇನು ಬೇಯಿಸ್ತಾರೋ, ಏನೇನು ಮುಟ್ಟಿರ್ತಾನೋ! ಅಪ್ಪಯ್ಯ ಹಂಗಂದಿರೋಕೆ ಸಾಧ್ಯವೇ ಇಲ್ಲ" ಅಂದ.

"ದನಿಯಿಲ್ಲದೋರ ಮಾತು ಅವನೊಬ್ಬನಿಗೇ ಗೊತ್ತಣ್ಣ. ನೀನು ಅಲ್ಲಿದ್ದೆಯಾ?" ಅಂದೆ. ನಾನು ಅಣ್ಣನಿಗೆ ಎದುರು ಮಾತಾಡಿದ್ದು ಅದೇ ಮೊದಲು.

ಅಣ್ಣನ ಸಿಟ್ಟನ್ನು ನಾನು ನಿರೀಕ್ಷಿಸಿದ್ದೆ. ಅವ್ವನ ಮಾತನ್ನಲ್ಲ. ಗಿಡದ ಕುಂಡದ ಮಣ್ಣಿನ ವಿಷಯ ಓದಿದ ದಿನ ಅವ್ವ "ಮಗ ಆದೋನು ಮಾಡೋ ಕೆಲಸ ಮಾಡವ್ನೆ" ಅಂದಿದ್ದಳು. ಈ ಸಲ ಎಲೆ ಹಾಕಿಸುವ ಮಾತು ಬಂದ ಕಡೆ ಇನ್ನೊಂದು ಸಲ ಓದಿಸಿದಳು. ಮುಖ ಬಿಳಿಚಿಕೊಂಡಿತು. "ಬೇಡ. ಆ ಹುಡುಗ ಬರೋದು ಬೇಡ" ಎಂದು ದೇವರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನನಗೆ ನಾಚಿಕೆಯಾಯಿತು. ಹೆಣ ತೊಳೆಯುವಾಗ ಕೇಳದ ಜಾತಿ ಎಲೆ ಹಾಕುವಾಗ ಬಂತಲ್ಲ ಎಂದು ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಅದನ್ನು ಈಗ ನಿಮಗೇ ಬರೆಯುತ್ತಿದ್ದೇನೆ.

ಇಲ್ಲಿ ದಿನದಿನಕ್ಕೂ ಹೆಚ್ಚುತ್ತಿದೆ. ಅವ್ವ ಮಧ್ಯಾಹ್ನಕ್ಕೆ ಮೊದಲೇ ಮಿಂದು, ತಲೆ ಬಾಚಿ, ಬಿಸಿ ರೊಟ್ಟಿ ಮುಚ್ಚಿಟ್ಟು ಜಗಲಿಯ ಕಂಬಕ್ಕೆ ಒರಗಿ ಕೂರುತ್ತಾಳೆ. ಕಳೆದ ವರ್ಷ ಬಾಡಿಹೋಗಿದ್ದವಳ ಮುಖ ಈಗ ತುಂಬಿಕೊಂಡಿದೆ. ನೋಡಿದರೆ ಭಯವಾಗುತ್ತದೆ. ಪಾತ್ರೆ ತೊಳೆಯುವ ಮುದ್ದಿ ಹೋದ ವಾರ ಹಂಡೆ ಕೈಬಿಟ್ಟು, "ಯಜಮಾನ್ರು ಕೆಮ್ಮಿದ್ರಲ್ಲವ್ವಾ!" ಎಂದು ಕೂಗಿಕೊಂಡಳು. ಆಮೇಲೆ ಅವಳು ಮಧ್ಯಾಹ್ನದ ಕೆಲಸಕ್ಕೆ ಬರುತ್ತಿಲ್ಲ. ನನಗೂ ಒಂದು ದಿನ ಮೆಟ್ಟು ಬಿಟ್ಟ ಸದ್ದು ಕೇಳಿಸಿತು. ಹೊರಗೆ ಹೋಗಿ ನೋಡದೆ ಒಲೆಯ ಮುಂದೆಯೇ ಕೂತೆ.

ನನ್ನ ಗಂಡ ತೀರಿಕೊಂಡು ಎಷ್ಟೋ ವರ್ಷವಾಯಿತು. ಅವರು ಒಂದು ದಿನವೂ ಬಂದಿಲ್ಲ. ಇದನ್ನು ಈ ಮನೆಯಲ್ಲಿ ಯಾರಿಗೂ ಹೇಳಿಲ್ಲ.

ನಮ್ಮ ಮನೆಯವರ ಪರವಾಗಿ ಕ್ಷಮೆ ಕೇಳುತ್ತೇನೆ.

ಸುಮಿತ್ರ


ಬೊಂಬಾಯಿ
೧೮ ಮೇ ೧೯೫೫

ಸುಮಿತ್ರಕ್ಕನವರಿಗೆ,

ಅಕ್ಕಾ ಎಂದು ಬರೆದಿದ್ದೇನೆ, ತಪ್ಪಾಗಿದ್ದರೆ ಹೊಡೆದುಹಾಕಿ ಓದಿಕೊಳ್ಳಿ.

ಕ್ಷಮೆಯ ಮಾತು ಬೇಡ. ಅಮ್ಮನವರು ಬೇಡವೆಂದದ್ದು ಅವರ ಧರ್ಮಕ್ಕೆ ಸರಿ. ನಾನು ಬೇರೆ ಒಂದು ಸಂಗತಿ ಹೇಳಬೇಕು.

ನನ್ನನ್ನು ಕೆಳಗಿನ ಡೆಕ್ಕಿಗೆ ಹಾಕಿದರು. ಅಲ್ಲಿಂದ ಆ ಗಂಟೆ ಕೇಳುವ ಹಾಗೇ ಇಲ್ಲ. ಆದರೂ ಕೇಳುತ್ತದೆ. ಮೊದಮೊದಲು ಕಿವಿ ಮುಚ್ಚಿಕೊಂಡು ಕೂತೆ. ಆಮೇಲೆ ಹೋಗತೊಡಗಿದೆ. ಕೀಲಿ ತಂದು ಬಾಗಿಲು ತೆರೆದು "ಬಂದೆ ಯಜಮಾನ್ರೆ" ಎಂದು ಒಳಗೆ ನಿಲ್ಲುತ್ತೇನೆ. ಖಾಲಿ ಮಂಚ, ದುಂಡನೆಯ ಕಿಟಕಿ, ಅದರಾಚೆ ನೀರು. ಅಲ್ಲಿ ಯಾರೋ ತುಟಿ ಅಲ್ಲಾಡಿಸುತ್ತಿದ್ದಾರೆ, ನನಗೆ ಕಾಣದೆ ಇರುವುದರಿಂದ ಏನು ಹೇಳುತ್ತಾರೆಂದು ತಿಳಿಯುತ್ತಿಲ್ಲ ಎನಿಸುತ್ತದೆ. ಅಕ್ಕಾ, ಅದೇ ಬಹಳ ಹಿಂಸೆ. ಬದುಕಿದ್ದಾಗ ಅವರ ಒಂದು ಮಾತೂ ನನಗೆ ತಪ್ಪಿರಲಿಲ್ಲ.

ನಿದ್ದೆ ಹತ್ತಿರ ಸುಳಿಯುತ್ತಿಲ್ಲ. ಸೂಯೆಜ್ ದಾಟುವ ದಿನ ಊಟದ ಹೊತ್ತಿನಲ್ಲೂ ಗಂಟೆ ಕೇಳಿ ಬೆಚ್ಚಿಬಿದ್ದು ಒಬ್ಬರ ಮೈಮೇಲೆ ಬಿಸಿ ಸೂಪು ಚೆಲ್ಲಿದೆ. ದೊಡ್ಡ ಸ್ಟೀವರ್ಡು ಒಳ್ಳೆಯವನು. "ಇನ್ನೊಂದು ಪ್ರಯಾಣ ಮುಗಿಸಿ ಊರಿಗೆ ಹೋಗು, ನೀರು ನಿನ್ನ ತಲೆಗೆ ಹತ್ತಿದೆ" ಎಂದಿದ್ದಾನೆ. ಆಗಸ್ಟಿನಲ್ಲಿ ಹಡಗು ಬಿಟ್ಟು ಕೂಡಿಗೆಗೆ ಬರುತ್ತೇನೆ. ಹತ್ತು ವರ್ಷದ ಕೆಲಸ ಹೀಗೆ ಮುಗಿಯುತ್ತದೆ ಎಂದು ಅಂದುಕೊಂಡಿರಲಿಲ್ಲ.

ಊಟಕ್ಕೆ ಕರೆಯಿರಿ ಎಂದು ನಾನು ಕೇಳುವುದಿಲ್ಲ. ಯಜಮಾನರು ಅಮ್ಮನವರ ಹತ್ತಿರ ದನಿಯಿಂದಲೇ ಮಾತಾಡುತ್ತಾರಲ್ಲ. ಇನ್ನೊಂದು ಸಲ ಬಂದಾಗ ಅಮ್ಮನವರು ಒಂದು ಮಾತು ಹೇಳಲಿ: ಆ ಹುಡುಗ ಏನನ್ನೂ ಬಯಸಲಿಲ್ಲ, ಅವನನ್ನು ಬಿಟ್ಟುಬಿಡಿ ಎಂದು.

ನಿಮ್ಮ ತಮ್ಮನಂಥವನು,
ದೇವರಾಜು


ಸೋಮವಾರಪೇಟೆ
೯ ಜೂನ್ ೧೯೫೫

ತಮ್ಮ ದೇವರಾಜುವಿಗೆ,

ಅಕ್ಕಾ ಎಂದದ್ದನ್ನು ಹೊಡೆದುಹಾಕಲಿಲ್ಲ.

ನಿನ್ನ ಕಾಗದವನ್ನು ಅವ್ವನಿಗೆ ಓದುವುದೋ ಬೇಡವೋ ಎಂದು ತುಂಬ ದಿನ ಸೆರಗಿನಲ್ಲಿ ಕಟ್ಟಿಕೊಂಡು ತಿರುಗಿದೆ. ನಿನ್ನೆ ಬೆಳಿಗ್ಗೆ ಅವಳು ಅಕ್ಕಿ ಆರಿಸುತ್ತಿದ್ದಾಗ ಪಕ್ಕದಲ್ಲಿ ಕೂತು ಓದಿದೆ. ಕೊನೆಯ ಮಾತು ಮುಗಿದ ಮೇಲೂ ಅವಳ ಕೈ ಮೊರದಲ್ಲೇ ಇತ್ತು.

"ಎಷ್ಟು ವಯಸ್ಸು ಅವನಿಗೆ?" ಎಂದು ಕೇಳಿದಳು.

"ಮೂವತ್ತು ಇರಬಹುದು."

"ತಾಯಿ ಬದುಕವ್ಳಾ?"

"ಗೊತ್ತಿಲ್ಲ. ಅಪ್ಪ ಇದ್ದಾರಂತೆ."

ಮೊರಕ್ಕೆ ಇನ್ನೊಂದು ಹಿಡಿ ಅಕ್ಕಿ ಹಾಕಿಕೊಂಡಳು. ಆಮೇಲೆ, "ಅವತ್ತು ಜಾತಿಗೋಸ್ಕರ ಬೇಡ ಅಂದೆ ಅನ್ಕೊಂಡ್ಯಾ ನೀನು?" ಅಂದಳು.

"ಮತ್ಯಾಕವ್ವ?"

"ಅವ್ರು ಬರ್ತಿರೋದು ಮಣ್ಣಿಗಲ್ಲ ಅಂತ ಅವತ್ತೇ ಗೊತ್ತಾಯ್ತು. ಮಣ್ಣು ಆ ಹುಡುಗ ಕೊಟ್ಟವ್ನೆ. ಕೊಡ್ತೀನಿ ಅಂದಿದ್ದನ್ನ ಇವ್ರಿಗೆ ಕೊಡೋಕಾಗ್ಲಿಲ್ಲ, ಅದುಕ್ಕೇ ಬರ್ತಾವ್ರೆ. ಅವನು ಬಂದು ಉಂಡು ಎದ್ದೋದ್ರೆ ಆಮೇಲೆ ಇವ್ರಿಗೆ ಇಲ್ಲೇನು ಕೆಲ್ಸ?"

ಒಂದು ಕಲ್ಲು ಆರಿಸಿ ಎಸೆದು ಅವಳೇ ಮುಂದುವರಿಸಿದಳು.

"ಮದುವೆಯಾಗಿ ಇಷ್ಟು ವರ್ಷದಲ್ಲಿ ನಾನು ಅವ್ರ ಹಿಂದೆ ಓಡಾಡಿದ್ದೇ ಬಂತು. ಬಡಿಸೋದು, ಎತ್ತೋದು. ಈಗ ನೋಡು, ನಂಗೋಸ್ಕರ ಅಂತ್ಲೇ ಬಂದು ನಿಂತ್ಕೋತಾರೆ. ಎಲ್ಲಿದ್ದೀಯೇ ಅಂತಾರೆ. ಇಲ್ಲೇ ಇದೀನಿ ಅಂತೀನಿ. ಅಷ್ಟೇ ಕಣೆ. ಅದನ್ನ ಹೆಂಗೆ ಬಿಡ್ಲಿ ಹೇಳು?"

ಅಕ್ಕಿ ಆರಿಸಿ ಮುಗಿಸಿದಳು. ಮೊರ ಕೊಡವಿ ಎದ್ದು ನಿಂತು, "ಇನ್ನೊಬ್ಬಳು ಹೆತ್ತ ಮಗನ ನಿದ್ದೆ ಕೆಡಿಸಿ ನಾನು ಗಂಡನ್ನ ಇಟ್ಕೊಳೋದು ಬೇಡ. ಕಾಗದ ಬರಿ ಅವನಿಗೆ, ಬರಲಿ" ಅಂದಳು.

ಹಡಗು ಬಿಟ್ಟು ಊರಿಗೆ ಬಂದ ಮೇಲೆ ಯಾವುದಾದರೂ ಶನಿವಾರ ಬಾ. ಅಣ್ಣ ಅವತ್ತು ಶನಿವಾರಸಂತೆಗೆ ಏಲಕ್ಕಿ ಕೊಳ್ಳಲು ಹೋಗುತ್ತಾನೆ. ಅವನಿಗೆ ವಿಷಯ ತಿಳಿಸಿದ್ದೇನೆ. "ನಾನು ಮನೇಲಿರಲ್ಲ. ಇಲ್ಲದಾಗ ಏನು ನಡೀತೋ ನನಗೆ ಗೊತ್ತಿಲ್ಲ" ಅಂದ. ಅವನ ಬಾಯಲ್ಲಿ ಒಪ್ಪಿಗೆ ಎಂದರೆ ಇಷ್ಟೇ.

ನಿನ್ನ ಅಕ್ಕ,
ಸುಮಿತ್ರ


ಕೂಡಿಗೆ
೧೩ ಸೆಪ್ಟೆಂಬರ್ ೧೯೫೫

ಸುಮಿತ್ರಕ್ಕನಿಗೆ ದೇವರಾಜುವಿನ ನಮಸ್ಕಾರಗಳು.

ಶನಿವಾರ ನಿಮ್ಮಲ್ಲಿ ಉಂಡು ಮನೆಗೆ ಬಂದವನು ಭಾನುವಾರ ಮಧ್ಯಾಹ್ನದವರೆಗೆ ನಿದ್ದೆ ಮಾಡಿದೆ. ಅಪ್ಪ ಎರಡು ಸಲ ಮೂಗಿನ ಹತ್ತಿರ ಕೈಯಿಟ್ಟು ನೋಡಿದರಂತೆ. ಶನಿವಾರದಿಂದ ಗಂಟೆ ಕೇಳಿಸಿಲ್ಲ.

ನಿಮ್ಮ ಮುಂದೆ ಹೇಳದೆ ಬಂದದ್ದನ್ನು ಇಲ್ಲಿ ಬರೆಯುತ್ತೇನೆ. ಬೇರೆಯವರಿಗೆ ಬಡಿಸಿ ಬಡಿಸಿ ನನ್ನ ಬೆನ್ನು ಬಾಗಿರುವುದೇ ರೂಢಿ. ಎರಡು ಎಲೆ ಹಾಸಿ, ಅಮ್ಮನವರು ಗೋಡೆ ಕಡೆಯ ಎಲೆ ತೋರಿಸಿ "ಅದು ಅವ್ರದು. ನೀನು ಇಲ್ಲಿ ಕೂತ್ಕೋ" ಅಂದಾಗ, ಬಡಿಸಲು ಪಾತ್ರೆಗೆ ಚಾಚಿದ್ದ ಕೈಯನ್ನು ಹಿಂದೆಗೆದು ಕೂತೆ. ಖಾಲಿ ಜಾಗದ ಎಲೆಗೆ ಮೊದಲು ಬಡಿಸಿದರು, ಆಮೇಲೆ ನನ್ನದಕ್ಕೆ. ಅಕ್ಕಿರೊಟ್ಟಿ, ಎಣ್ಣೆಗಾಯಿ, ಅದಾದ ಮೇಲೆ ಪಾಯಸ. ಹಡಗಿನಲ್ಲಿ ದಿನಾ ಯಾವ ರೊಟ್ಟಿಯ ಕಥೆ ಹೇಳಿದ್ದೆನೋ ಅದನ್ನು ತಿನ್ನುತ್ತಿದ್ದೆ.

ಅಮ್ಮನವರು ಎದುರಿಗೆ ಕೂತು, "ಅವ್ರು ಹೆಂಗಂದ್ರು, ಒಂದ್ಸಲ ಹಂಗೇ ಅಂದು ತೋರ್ಸಪ್ಪ. ಸದ್ದು ಮಾಡ್ಬೇಡ" ಎಂದರಲ್ಲ. ನಾನು ಯಜಮಾನರಂತೆ ಬರೀ ತುಟಿ ಆಡಿಸಿದೆ. ಅಮ್ಮನವರು ನನ್ನ ತುಟಿಯನ್ನು ನೋಡುತ್ತ, ಒಂದೊಂದೇ ಮಾತನ್ನು ತಮ್ಮ ಬಾಯಲ್ಲಿ ಹೇಳಿಕೊಂಡರು. ಒಂದೂ ತಪ್ಪಲಿಲ್ಲ. ಅಷ್ಟು ಹೊತ್ತಿಗೆ ನನ್ನ ಬಲಮೊಣಕಾಲಿಗೆ ಇನ್ನೊಂದು ಮೊಣಕಾಲು ತಾಗಿತು, ಪಕ್ಕದಲ್ಲಿ ಕೂತವರು ಜರುಗಿ ಸರಿಯಾಗಿ ಕೂತಂತೆ. ನಾನು ತಿರುಗಿ ನೋಡಲಿಲ್ಲ. ಹೆದರಿಕೆಯಿಂದಲ್ಲ. ಜೊತೆಗೆ ಉಣ್ಣುವವರನ್ನು ಯಾರು ಹಾಗೆ ತಿರುಗಿ ನೋಡುತ್ತಾರೆ?

ಅಣ್ಣಾವ್ರು ಬಾಗಿಲಲ್ಲಿ ಬಂದು ನಿಂತಾಗ ಎದ್ದುಬಿಡೋಣ ಎನಿಸಿತ್ತು. ಅವರು ನನ್ನ ಎಲೆಯ ಕಡೆ ನೋಡಿ "ಊಟ ಆಯ್ತಾ?" ಎಂದು ಕೇಳಿ ಒಳಗೆ ಹೋದರು. ಆ ಒಂದು ಮಾತಿಗೆ ಅವರಿಗೆ ನನ್ನ ನಮಸ್ಕಾರ ತಿಳಿಸಬೇಕು.

ಅಮ್ಮನವರು ಹೇಗಿದ್ದಾರೆ? ಅದನ್ನು ಕೇಳಲು ಧೈರ್ಯವಿಲ್ಲ. ಆದರೂ ಬರೆಯಿರಿ.

ನಿಮ್ಮ ತಮ್ಮ,
ದೇವರಾಜು


ಸೋಮವಾರಪೇಟೆ
೨೬ ಸೆಪ್ಟೆಂಬರ್ ೧೯೫೫

ತಮ್ಮ ದೇವರಾಜುವಿಗೆ,

ಅಣ್ಣ ಅವತ್ತು ಸಂತೆಗೆ ಹೋಗಿರಲೇ ಇಲ್ಲ. ಬೆಳಿಗ್ಗೆಯಿಂದ ಮಂಡಿಯಲ್ಲಿ ಬಾಗಿಲು ಅರ್ಧ ಮುಚ್ಚಿಕೊಂಡು ಕೂತಿದ್ದನಂತೆ. ನಿನ್ನ ನಮಸ್ಕಾರ ತಿಳಿಸಿದೆ. "ಹ್ಞೂಂ" ಅಂದ.

ನೀನು ಹೋದ ಮೇಲೆ ಎರಡು ಎಲೆಗಳನ್ನೂ ಅವ್ವ ತಾನೇ ಎತ್ತಿದಳು. ಎಲೆ ಮುಟ್ಟಲು ನನ್ನನ್ನೂ ಬಿಡಲಿಲ್ಲ. ಮಾರನೆಯ ದಿನ ಮಾಮೂಲಿನಂತೆ ಮಿಂದು ಜಗಲಿಯಲ್ಲಿ ಕೂತಳು. ನಾನೂ ಪಕ್ಕದಲ್ಲಿ ಕೂತೆ, ಹಾಗೆ ಕೂತದ್ದು ಅದೇ ಮೊದಲು. ಎದುರಿನ ಅಂಗಡಿಯವನು ಬಾಗಿಲೆಳೆದುಕೊಂಡು ಹೋದ. ಮಡಿಕೇರಿಯ ಬಸ್ಸು ಹೋಯಿತು. ಇಬ್ಬರು ಹೆಂಗಸರು ಛತ್ರಿ ಹಿಡಿದು ಮಾತಾಡುತ್ತ ದಾಟಿದರು. ಬೇರೇನೂ ಇಲ್ಲ. "ಇವತ್ತು ಮಂಡೀಲಿ ಕೆಲಸ ಹೆಚ್ಚೇನೋ" ಅಂದಳು ಅವ್ವ, ಬದುಕಿರುವವರ ಬಗ್ಗೆ ಹೇಳುವಂತೆ.

ಸೋಮವಾರವೂ ಕೂತಳು. ಮಂಗಳವಾರವೂ. ನನಗೂ ಕಿವಿಯೆಲ್ಲ ಅಂಗಳದ ಕಡೆಗೇ. ಇಷ್ಟು ದಿನ ಯಾವುದಕ್ಕೆ ಹೆದರಿ ಒಳಗೆ ಕೂರುತ್ತಿದ್ದೆನೋ ಅದೇ ಸದ್ದು ಒಂದು ಸಲ ಬರಲಿ, ಅವ್ವನಿಗೋಸ್ಕರ ಬರಲಿ ಎಂದು ಬೇಡಿಕೊಂಡೆ. ಬರಲಿಲ್ಲ. ಮುದ್ದಿ ಮಧ್ಯಾಹ್ನದ ಕೆಲಸಕ್ಕೆ ಮತ್ತೆ ಬರುತ್ತಿದ್ದಾಳೆ. "ಮನೆ ಹಗುರ ಆಯ್ತು ನೋಡ್ರವ್ವ" ಅನ್ನುತ್ತಾಳೆ. ಅವಳಿಗೇನು ಗೊತ್ತು.

ನೀನು ನೊಂದುಕೊಳ್ಳಬಾರದು. ಅವ್ವ ಹೇಳಿ ಬರೆಸುತ್ತಿದ್ದಾಳೆ: ಬಿಡುವಾದಾಗ ಬಾ, ಇನ್ನು ಮೇಲೆ ಯಾರ ಮಾತು ಉಳಿಸುವುದಕ್ಕೂ ಅಲ್ಲ, ಹಾಗೇ ಬಾ. ಬಸ್ಸಿನ ಡ್ರೈವರ ಕೈಯಲ್ಲಿ ನಿಮ್ಮಪ್ಪನಿಗೆ ಒಂದು ಪೊಟ್ಟಣ ಏಲಕ್ಕಿ ಕಳಿಸಿದ್ದೇವೆ. ಪೊಟ್ಟಣ ಕಟ್ಟಿದವನು ಅಣ್ಣ.

ಇಲ್ಲಿಯವರೆಗೆ ಅವಳು ಹೇಳಿಸಿದ್ದು. ಇನ್ನು ನಾನಾಗಿ ಬರೆಯುವುದು.

ಮೊನ್ನೆ ಮಧ್ಯಾಹ್ನ ಕೂತಿದ್ದವಳು ಬಿಸಿಲು ಕಂಬ ದಾಟಿ ಹೋಗುವವರೆಗೂ ಏಳಲಿಲ್ಲ. ಮುಚ್ಚಿಟ್ಟ ರೊಟ್ಟಿ ಆರಿಹೋಗಿತ್ತು. "ಒಳಗೆ ಬಾ ಅವ್ವ" ಎಂದು ಕೈ ಹಿಡಿದೆ. ನನ್ನ ಮುಖವನ್ನೇ ನೋಡಿದಳು.

"ಬಳೆ ತೆಗ್ಸಿದ್ದು ಹೋದ್ ವರ್ಷ. ನಾನು ಮುಂಡೆ ಆಗಿದ್ದು ಇವತ್ತು ಕಣೆ" ಅಂದಳು.

ಆಮೇಲೆ ನನ್ನ ತೊಡೆಯ ಮೇಲೆ ತಲೆಯಿಟ್ಟು ಅತ್ತಳು. ಸುದ್ದಿ ಬಂದ ದಿನ ಅವಳು ಅತ್ತಿರಲಿಲ್ಲ. ನಾನೂ ಅತ್ತೆ. ಯಾರಿಗಾಗಿ ಎಂದು ನಿನಗೆ ಬರೆಯಬೇಕಾಗಿಲ್ಲ.

ನಿನ್ನ ಅಕ್ಕ,
ಸುಮಿತ್ರ